ಶಾಲೆಗೆ ಪ್ರಾರ್ಥನೆಯ ಬುನಾದಿ ಹಾಕಿದ ಮಾತೆ ವೆರೋನಿಕಾ

ಜೂನ್ ತಿಂಗಳು ಸಮೀಪಿಸಿತೆಂದರೆ ಕಂಪಲಾಪುರ, ಪಿರಿಯಾಪಟ್ಟಣ, ಹುಣಸೂರು ಕಡೆಯ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಒಂದೇ ಮಾತು: ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದು? ತಂಬಾಕು, ಜೋಳ ಬೆಳೆದು ಕೂಡಿಟ್ಟ ದುಡ್ಡಿನಲ್ಲಿ ಶುಲ್ಕ ತೆತ್ತು, ಕಾನ್ವೆಂಟ್ ಶಾಲೆಗೇ ಕಳುಹಿಸಬೇಕೆಂಬುದು ತಂದೆತಾಯಿಗಳ ಆಸೆ. ಅಲ್ಲಿ ಇಂಗ್ಲಿಷ್ ಚೆನ್ನಾಗಿದೆ, ಶಿಸ್ತಿದೆ ಎಂಬ ಕಾರಣವನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಮಗುವಿನ ವಿಶ್ವಾಸ ಹೇಗೆ ಬೆಳೆಯುತ್ತದೆಂದು ಕೇಳುವವರು ವಿರಳ. ಕೇಳಿದವರಿಗೂ ವಾರಕ್ಕೆ ಇಷ್ಟು ಧರ್ಮೋಪದೇಶದ ತರಗತಿಗಳುಂಟು ಎಂಬ ಉತ್ತರ ಸಿಕ್ಕರೆ ಸಮಾಧಾನವಾಗಿಬಿಡುತ್ತದೆ. ಈ ಉತ್ತರ ಸಾಕೇ? ನಮ್ಮ ರಾಜ್ಯದ ಕರಾವಳಿಯಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕಾರಣರಾದ ಒಬ್ಬ ಮಹಾಮಾತೆಯ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಒಳಿತೆಂದು ಭಾವಿಸುತ್ತೇವೆ.

ಅಪೊಸ್ತಲಿಕ ಕಾರ್ಮೆಲ್ ಸಭೆಯ ಸಂಸ್ಥಾಪಕಿ ಮಾತೆ ವೆರೋನಿಕಾರವರು 1823ರ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಜನಿಸಿದರು. ಮನೆಯವರಿಟ್ಟ ಹೆಸರು ಸೋಫಿ ಲೀವ್ಸ್. ತಂದೆ ಹೆನ್ರಿ ಲೀವ್ಸ್ ಆಂಗ್ಲಿಕನ್ ಸಭೆಯ ಪಾದ್ರಿಗಳು. ಪವಿತ್ರ ಗ್ರಂಥವನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕಾರ್ಯದಲ್ಲಿ ದುಡಿದವರು. ದೇವರ ವಾಕ್ಯವನ್ನು ಗೌರವಿಸುವ ಮನೆಯಲ್ಲಿ, ಗ್ರೀಸ್ ದೇಶದ ಬಿಸಿಲಿನಲ್ಲಿ ಸೋಫಿ ಬೆಳೆದರು. ಅವರು ಮುಂದೆ ಹಿಡಿದ ದಾರಿ ತಂದೆಯ ಸಭೆಯಿಂದ ಬೇರೆಯಾಯಿತಾದರೂ, ಆ ದಾರಿಯನ್ನು ಅರಸುವ ದಾಹ ಹುಟ್ಟಿದ್ದು ತಂದೆಯ ಮನೆಯಲ್ಲಿಯೇ ಎಂಬುದನ್ನು ನಾವು ಮರೆಯಲಾಗದು.

ತಂದೆಯ ಮರಣಾನಂತರ ಮಾಲ್ಟಾ ದ್ವೀಪದಲ್ಲಿದ್ದಾಗ ಅವರ ಅಂತರಂಗದ ಹೋರಾಟ ಒಂದು ದಡ ಮುಟ್ಟಿತು. 1850ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಬಂಧುಬಳಗದ ನೋವನ್ನು ಬಲ್ಲವರಾಗಿಯೂ, ಸುಖಸಂಸಾರದ ಅವಕಾಶವನ್ನು ತೊರೆದು, ಮರುವರ್ಷವೇ ದರ್ಶನದ ಸಂತ ಜೋಸೆಫರ ಸಭೆಯಲ್ಲಿ ಕನ್ಯಾಸ್ತ್ರೀಯಾಗಲು ಹೊರಟರು. ಯೇಸುಸ್ವಾಮಿಯ ಪಾಡುಗಳ ವೆರೋನಿಕಾ ಎಂಬ ಹೆಸರು ಅವರದಾಯಿತು. 1862ರಲ್ಲಿ ಆ ಸಭೆಯ ಭಗಿನಿಯರೊಡನೆ ಮಲಬಾರಿನ ಕಲ್ಲಿಕೋಟೆಗೆ ಬಂದು ಹೆಣ್ಣುಮಕ್ಕಳ ಶಾಲೆಯ ಹೊಣೆ ಹೊತ್ತರು. ಮಂಗಳೂರಿನ ಕ್ರೈಸ್ತರೂ ತಮ್ಮ ಹೆಣ್ಣುಮಕ್ಕಳಿಗೆ ಕಲಿಸುವ ಭಗಿನಿಯರಿಗಾಗಿ ಕಾದಿದ್ದ ಕಾಲವದು.

ಇಲ್ಲಿಯೇ ಅವರ ಜೀವನದ ದೊಡ್ಡ ಇಕ್ಕಟ್ಟು ಎದುರಾಯಿತು. ಅವರ ಆತ್ಮ ಬಯಸಿದ್ದು ಕಾರ್ಮೆಲ್ ಮಠದ ಮೌನವನ್ನು. ಕಣ್ಣೆದುರು ಇದ್ದದ್ದು ಅಕ್ಷರಕ್ಕಾಗಿ ಕಾದ ಮಕ್ಕಳು. ಮೌನಕ್ಕೆ ಹೋದರೆ ಮಕ್ಕಳನ್ನು ಕೈಬಿಟ್ಟಂತೆ, ಮಕ್ಕಳೊಡನೆ ನಿಂತರೆ ಅಂತರಂಗದ ಕರೆಯನ್ನು ಅಲ್ಲಗಳೆದಂತೆ. ಈ ಇಕ್ಕಟ್ಟನ್ನೇ ಒಂದು ಹೊಸ ಮಾರ್ಗವಾಗಿ ಕಂಡವರು ಕಾರ್ಮೆಲ್ ಸಭೆಯ ಗುರು ಮರಿ ಎಫ್ರೇಮ್ ಸ್ವಾಮಿಗಳು; ಇವರು ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದರು. ಕಾರ್ಮೆಲಿನ ಪ್ರಾರ್ಥನಾ ಜೀವನವನ್ನು ನಡೆಸುತ್ತಲೇ ಶಾಲೆಯಲ್ಲಿ ದುಡಿಯುವ ಭಗಿನಿಯರ ಒಂದು ಸಭೆ ಭಾರತಕ್ಕೆ ಬೇಕೆಂಬುದು ಅವರ ಹಂಬಲವಾಗಿತ್ತು.

ವೆರೋನಿಕಾರವರು ಹಿಂದಿನ ಸಭೆಯಿಂದ ಅನುಮತಿ ಪಡೆದು, ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಲ್ಲಿ ಆ ಜೀವನವನ್ನು ಅಭ್ಯಾಸ ಮಾಡಿ, 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನವೇ, ಬಯೋನ್ ನಗರದಲ್ಲಿ ಹೊಸ ಸಭೆಯನ್ನು ಆರಂಭಿಸಿದರು. ಅಲ್ಲಿ ತರಬೇತಿ ಹೊಂದಿದ ಮೂವರು ಭಗಿನಿಯರು, ದೇವದೂತರ ಮರಿಯರವರ ಮುಂದಾಳತ್ವದಲ್ಲಿ, 1870ರ ನವೆಂಬರ್ 19ರಂದು ಮಂಗಳೂರು ಸೇರಿದರು. ಸಂತ ಅನ್ನಮ್ಮನವರ ಕಾನ್ವೆಂಟ್ ಶಾಲೆ ಬೆಳೆದದ್ದು ಈ ಮೂವರ ಕೈಯಲ್ಲಿ.

ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಯೋಗ್ಯವಾದುದು. ಅದೇ ವರ್ಷ ಅದೇ ಪೋ ನಗರದಿಂದ ಏಕಾಂತವಾಸದ ಕಾರ್ಮೆಲ್ ಸನ್ಯಾಸಿನಿಯರೂ ಮಂಗಳೂರಿಗೆ ಹೊರಟರು. ಅವರಲ್ಲಿ ಕೆಲವರು ಪ್ರಯಾಣದ ನಡುವೆಯೇ ಪ್ರಾಣ ತೆತ್ತರು. ತಲುಪಿದವರಲ್ಲಿ ಒಬ್ಬರು ಮರಿಯಂ ಬವಾರ್ದಿ. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಇವರಿಗೆ ಸಂತಪದವಿ ನೀಡಿದರು. ಹೀಗೆ ಒಂದೇ ಊರಿನಲ್ಲಿ ಮಕ್ಕಳಿಗೆ ಕಲಿಸುವ ಮನೆಯೂ ಮಕ್ಕಳಿಗಾಗಿ ಮೌನದಲ್ಲಿ ಮೊಣಕಾಲೂರುವ ಮನೆಯೂ ಒಟ್ಟಿಗೆ ನೆಲೆಯೂರಿದವು. ಶಾಲೆಯೊಂದಕ್ಕೆ ಕಲ್ಲು ಗಾರೆಗಳಿಗಿಂತ ಮೊದಲು ಏನು ಬೇಕೆಂಬುದನ್ನು ಅಂದಿನ ಹಿರಿಯರು ಅರಿತಿದ್ದರು.

ಆದರೆ ಆ ಶಾಲೆಯನ್ನು ವೆರೋನಿಕಾರವರು ಕಣ್ಣಾರೆ ಕಾಣಲೇ ಇಲ್ಲ. 1873ರಲ್ಲಿ ಮರಿ ಎಫ್ರೇಮ್ ಸ್ವಾಮಿಗಳು ನಿಧನರಾದರು. ಅದೇ ವರ್ಷ ಬಯೋನಿನ ಮನೆಯೂ ಮುಚ್ಚಿತು. ಲೋಕದ ಲೆಕ್ಕದಲ್ಲಿ ಇದು ಸೋಲು. ಅವರು ದೂರು ಹಿಡಿದು ಕೂರದೆ ಕಾರ್ಮೆಲ್ ಮಠದ ಮೌನಕ್ಕೆ ಮರಳಿದರು. ಮಂಗಳೂರಿನ ಭಗಿನಿಯರು ಸಂಸ್ಥಾಪಕಿಯ ಆಸರೆಯಿಲ್ಲದೆ ಮುನ್ನಡೆಯಬೇಕಾಯಿತು, ಮುನ್ನಡೆದರು. ಪೋ ಮಠದಲ್ಲಿ 1906ರ ನವೆಂಬರ್ 16ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಮಾತೆ ವೆರೋನಿಕಾ ದೈವಾಧೀನರಾದರು. 1921ರಲ್ಲಿ ಅದೇ ಸಭೆಯ ಭಗಿನಿಯರು ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. 2014ರಲ್ಲಿ ಧರ್ಮಸಭೆ ಮಾತೆಯವರನ್ನು ಪೂಜನೀಯರೆಂದು ಸಾರಿತು.

ತತ್ತ್ವಶಾಸ್ತ್ರದಲ್ಲಿ ಒಂದು ಹಳೆಯ ಸೂತ್ರವುಂಟು. ಯಾವುದೇ ವಸ್ತುವಿನ ಕ್ರಿಯೆ ಅದರ ಇರುವಿಕೆಯನ್ನು ಅನುಸರಿಸುತ್ತದೆ. ಬೆಂಕಿ ಬಿಸಿಯಾಗಿರುವುದರಿಂದಲೇ ಬಿಸಿ ಮಾಡುತ್ತದೆ. ಕಲಿಸುವವರಲ್ಲಿ ಇಲ್ಲದ್ದು ಕಲಿಯುವವರಿಗೆ ದಾಟದು. ವೆರೋನಿಕಾರವರು ಶಾಲೆಗಿಂತ ಮೊದಲು ಶಿಕ್ಷಕಿಯರ ಪ್ರಾರ್ಥನೆಯನ್ನು ಕಟ್ಟಿದ್ದು ಈ ಸತ್ಯವನ್ನು ಅರಿತೇ. ಧರ್ಮೋಪದೇಶದ ತರಗತಿ ಅವಶ್ಯಕ, ಸಂದೇಹವಿಲ್ಲ. ಆದರೆ ಮಗು ಜಪಗಳನ್ನು ಪುಸ್ತಕದಿಂದ ಕಲಿಯುತ್ತದೆ. ಪ್ರಾರ್ಥಿಸುವುದನ್ನು ಪ್ರಾರ್ಥಿಸುವವರನ್ನು ನೋಡಿ ಕಲಿಯುತ್ತದೆ. ತಪ್ಪು ಮಾಡಿದ ವಿದ್ಯಾರ್ಥಿಯನ್ನು ಗುರುಗಳು ತಿದ್ದುವ ರೀತಿ, ಬಡವರ ಮಗುವಿಗೂ ಸಾಹುಕಾರರ ಮಗುವಿಗೂ ಸಿಗುವ ಸಮಾನ ಗೌರವ, ಇವೂ ಧರ್ಮೋಪದೇಶವೇ. ನಮ್ಮ ಶಾಲೆಗಳಲ್ಲಿ ಓದುವ ಇತರ ಧರ್ಮಗಳ ಮಕ್ಕಳೂ ಇದನ್ನು ಕಾಣುತ್ತಾರೆ. ಅವರ ಮೇಲೆ ಯಾವುದನ್ನೂ ಹೇರದೆ ಅವರಿಗೆ ನಾವು ಕೊಡಬಹುದಾದ ಶ್ರೇಷ್ಠ ಪಾಠವೂ ಇದೇ.

ಈ ಮಾತು ಶಾಲೆಯ ಬಾಗಿಲಿನಲ್ಲೇ ನಿಲ್ಲುವುದಿಲ್ಲ, ಪ್ರಿಯ ಕುಟುಂಬಗಳೇ. ಅದು ನಮ್ಮ ಮನೆಗೂ ಬರುತ್ತದೆ. ಸಂಜೆ ಜಪಸರದ ಹೊತ್ತಿಗೆ ತಂದೆ ಟಿ.ವಿ.ಯ ಮುಂದೆ, ತಾಯಿ ಮೊಬೈಲ್ ಹಿಡಿದು ಕುಳಿತು, ಮಗುವಿಗೆ ಮಾತ್ರ ಪ್ರಾರ್ಥಿಸಲು ಹೇಳಿದರೆ ಆ ಮಗು ಕಲಿಯುವುದೇನು? ಪ್ರಾರ್ಥನೆ ಚಿಕ್ಕವರ ಕೆಲಸ, ದೊಡ್ಡವರಾದ ಮೇಲೆ ಬಿಡಬಹುದೆಂಬ ಪಾಠವನ್ನೇ. ಶುಲ್ಕ ಕಟ್ಟಿದೊಡನೆ ವಿಶ್ವಾಸದ ಹೊಣೆಯನ್ನೂ ಶಾಲೆಗೆ ಒಪ್ಪಿಸಿದೆವೆಂದು ತಿಳಿಯುವುದು ಸರಿಯಲ್ಲ. ಜ್ಞಾನಸ್ನಾನದ ದಿನ ಆ ಹೊಣೆಯನ್ನು ಹೊತ್ತವರು ಹೆತ್ತವರು. ಶಾಲೆ ಅವರಿಗೆ ನೆರವಾಗಬಲ್ಲದು, ಅವರ ಸ್ಥಾನವನ್ನು ತುಂಬಲಾರದು.

ತಾವು ಬಿತ್ತಿದ ಪೈರನ್ನು ತಾವೇ ಕೊಯ್ಯುವ ಭಾಗ್ಯ ಮಾತೆ ವೆರೋನಿಕಾರವರಿಗೆ ಸಿಗಲಿಲ್ಲ. ಮಕ್ಕಳಲ್ಲಿ ವಿಶ್ವಾಸವನ್ನು ಬಿತ್ತುವ ತಂದೆತಾಯಿಗಳೂ ಶಿಕ್ಷಕರೂ ಅನೇಕ ವೇಳೆ ಫಲವನ್ನು ಕಾಣರು. ಆದರೂ ಬಿತ್ತುವುದನ್ನು ನಿಲ್ಲಿಸದಿರೋಣ. ಈ ವರ್ಷ ಮಗುವಿನ ಕೈಹಿಡಿದು ಶಾಲೆಗೆ ಕರೆದೊಯ್ಯುವ ಮುನ್ನ, ಅದೇ ಮಗುವಿನೊಡನೆ ಮನೆಯ ಪೀಠದ ಮುಂದೆ ಒಂದಿಷ್ಟು ಹೊತ್ತು ಮೊಣಕಾಲೂರೋಣ. ಅದಕ್ಕೆ ಬೇಕಾದ ತಾಳ್ಮೆಯನ್ನು ಕಾರ್ಮೆಲ್ ಮಾತೆಯ ಬಿನ್ನಹದ ಮೂಲಕ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.