ಗಾರ್ಡೆಲ್ ಹಾಡಿದಾಗ ಯಾರೂ ಕುಣಿಯುವುದಿಲ್ಲ

ಬರ್ಲಿನ್‌ಗೆ ಬಂದ ಮೂರನೆಯ ಚಳಿಗಾಲದಲ್ಲಿ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು, ಅರ್ಜೆಂಟೀನಾದ ಟ್ಯಾಂಗೋ ಕಲಿಯುವವರು ಸೇರುವ ‘ಪ್ರಾಕ್ಟಿಕಾ’ಕ್ಕೆ ಹೋಗತೊಡಗಿದೆ. ಅದು ತರಗತಿಯಲ್ಲ, ‘ಮಿಲೊಂಗಾ’ ಎಂಬ ನೃತ್ಯಸಂಜೆಯೂ ಅಲ್ಲ. ಮಿಲೊಂಗಾದಲ್ಲಿ ಕಣ್ಸನ್ನೆಯಿಂದಲೇ ಜೊತೆಗಾರರನ್ನು ಕರೆಯಬೇಕು, ನಡುವೆ ನಿಂತು ತಪ್ಪು ತಿದ್ದುವುದು ಅಸಭ್ಯ. ಪ್ರಾಕ್ಟಿಕಾದಲ್ಲಿ ಹೆಜ್ಜೆ ತಪ್ಪಿದರೆ ನಿಂತು, ಕೇಳಿ, ಮತ್ತೆ ಮೊದಲಿನಿಂದ ತೊಡಗಬಹುದು. ಪರದೇಶದಲ್ಲಿ ಇಷ್ಟು ಸಲೀಸಾಗಿ ತಪ್ಪು ಮಾಡಲು ಬಿಡುವ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಒಂದು ಸಂಜೆ ಕೊನೆಯಲ್ಲಿ ಯಾರೋ ಕಾರ್ಲೋಸ್ ಗಾರ್ಡೆಲ್‌ನ ಹಳೆಯ ಧ್ವನಿಮುದ್ರಿಕೆ ಹಾಕಿದರು. ಎಲ್ಲರೂ ಕುಳಿತುಬಿಟ್ಟರು. ಅವನ ಹಾಡು ಕೇಳುವುದಕ್ಕೆ, ಕುಣಿಯುವುದಕ್ಕಲ್ಲ ಎಂಬುದು ಟ್ಯಾಂಗೋ ಲೋಕದ ಸಂಪ್ರದಾಯವೆಂದು ಅಂದು ತಿಳಿಯಿತು. ಅವನ ಬದುಕನ್ನು ಓದತೊಡಗಿದ್ದು ಆಮೇಲೆ.

ಗಾರ್ಡೆಲ್ ಹುಟ್ಟಿದ್ದು 1890ರಲ್ಲಿ, ಫ್ರಾನ್ಸಿನ ಟುಲೂಸ್‌ನಲ್ಲಿ. ತಾಯಿ ಬೆರ್ತ್ ಅವಿವಾಹಿತೆ. 1893ರಲ್ಲಿ, ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಹಡಗು ಹತ್ತಿ ಬ್ಯೂನಸ್ ಐರಿಸ್‌ಗೆ ಬಂದಳು; ಬಟ್ಟೆಗೆ ಇಸ್ತ್ರಿ ಹಾಕಿ ಮಗನನ್ನು ಸಾಕಿದಳು. ಅಬಾಸ್ತೊ ಮಾರುಕಟ್ಟೆಯ ಆಸುಪಾಸಿನಲ್ಲಿ ಬೆಳೆದ ಹುಡುಗ ಮೊದಲು ಹಾಡಿದ್ದು ಜಾನಪದ ಗೀತೆಗಳನ್ನು. 1917ರಲ್ಲಿ ‘ಮಿ ನೊಚೆ ತ್ರಿಸ್ತೆ’ಯನ್ನು ಮುದ್ರಿಸಿದ ಮೇಲೆ, ಅದುವರೆಗೆ ಬಹುಮಟ್ಟಿಗೆ ಕಾಲುಗಳದಾಗಿದ್ದ ಟ್ಯಾಂಗೋ ಕೊರಳಿನದೂ ಆಯಿತು. ಪ್ಯಾರಿಸ್, ನ್ಯೂಯಾರ್ಕ್, ಪ್ಯಾರಾಮೌಂಟ್ ಚಿತ್ರಗಳು ಎಲ್ಲವೂ ಅದರ ಹಿಂದೆಯೇ ಬಂದವು.

ನನ್ನನ್ನು ಕಾಡಿದ್ದು ಕೀರ್ತಿಯಲ್ಲ, ಅವನ ಕಾಗದಪತ್ರಗಳು. 1920ರಲ್ಲಿ ಅವನು ಉರುಗ್ವೆಯ ತಾಕ್ವಾರೆಂಬೊದಲ್ಲಿ ಹುಟ್ಟಿದವನೆಂದು ದಾಖಲೆ ಮಾಡಿಸಿಕೊಂಡ. 1923ರಲ್ಲಿ ಅರ್ಜೆಂಟೀನಾದ ಪ್ರಜೆಯಾದ. ಫ್ರಾನ್ಸಿನ ಸೈನಿಕ ಸೇವೆಗೆ ಹಾಜರಾಗದ ತೊಡಕಿನಿಂದ ಪಾರಾಗಲು ಹೀಗೆ ಮಾಡಿದನೆಂದು ಅನೇಕ ಸಂಶೋಧಕರ ಅಭಿಪ್ರಾಯ. 1933ರ ಉಯಿಲಿನಲ್ಲಿ ಮಾತ್ರ ತಾನು ಟುಲೂಸ್‌ನವನೆಂದೇ ಬರೆದಿಟ್ಟ. ಇಷ್ಟಾದರೂ ಉರುಗ್ವೆಯವರು ಪಟ್ಟು ಬಿಟ್ಟಿಲ್ಲ. ಜರ್ಮನ್ ಪೌರತ್ವದ ಅರ್ಜಿ ನನ್ನ ಮೇಜಿನ ಮೇಲೆ ಎಂಟು ತಿಂಗಳಿಂದ ಇದೆ. ಜನ್ಮಸ್ಥಳದ ಕಡೆ ಶಿವಮೊಗ್ಗ ಎಂದು ತುಂಬಿದ್ದೇನೆ. ಸಹಿ ಹಾಕಿ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಮರಳಿಸಬೇಕು. ಕೈ ಅಲ್ಲಿಗೇ ನಿಂತಿದೆ.

1935ರ ಜೂನ್ 24ರಂದು ಕೊಲಂಬಿಯಾದ ಮೆಡೆಜಿನ್‌ನ ನಿಲ್ದಾಣದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು ಗಾರ್ಡೆಲ್ ತೀರಿಕೊಂಡ. ಅವನ ಗೀತೆಗಳನ್ನು ಬರೆದ ಅಲ್ಫ್ರೆದೊ ಲೆ ಪೆರಾ ಕೂಡ ಜೊತೆಗೇ ಹೋದ. ಗಾರ್ಡೆಲ್‌ಗೆ ಆಗ 44 ವರ್ಷ. ದೇಹ ನ್ಯೂಯಾರ್ಕ್ ಬಳಸಿ, ಸಮುದ್ರ ದಾಟಿ, 1936ರ ಫೆಬ್ರುವರಿಯಲ್ಲಿ ಬ್ಯೂನಸ್ ಐರಿಸ್ ತಲುಪಿತು. ಚಕರೀತಾ ಸ್ಮಶಾನದಲ್ಲಿರುವ ಅವನ ಪ್ರತಿಮೆಯ ಬೆರಳುಗಳ ನಡುವೆ ಅಭಿಮಾನಿಗಳು ಹೊತ್ತಿಸಿದ ಸಿಗರೇಟು ಇಡುವುದುಂಟು.

ಫೋನಿನಲ್ಲಿ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಆಕೆ ಕೇಳಿದ್ದು ಬೆರ್ತ್‌ಳ ಬಗ್ಗೆ ಮಾತ್ರ. ಮಗ ಸತ್ತಾಗ ಬೆರ್ತ್ ಟುಲೂಸ್‌ನಲ್ಲಿ, ತವರಿನವರ ಜೊತೆಯಲ್ಲಿದ್ದಳು. ಅಲ್ಲಿಯೇ ಉಳಿದಳೇ ಎಂದು ಅಮ್ಮ ವಿಚಾರಿಸಿದಳು. ಇಲ್ಲ ಎಂದೆ. ಬ್ಯೂನಸ್ ಐರಿಸ್‌ಗೆ, ಮಗ ಕೊಂಡಿದ್ದ ಮನೆಗೆ ಮರಳಿದಳು. 1943ರಲ್ಲಿ ಅಲ್ಲಿಯೇ ತೀರಿಕೊಂಡಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟವಾಯಿತೇ ಎಂದು ಕೇಳಿದಳು.