ರೈತವಾರಿಯ ಮನ್ರೋ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಎರೆ ಮಸಾರಿ ನೆಲದ ಚರಿತ್ರೆಯಲ್ಲಿ ಥಾಮಸ್ ಮನ್ರೋವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಈತ ಕುಂಪಣಿಯ ಸೈನಿಕನಾಗಿ ಮದರಾಸಿಗೆ ಬಂದವನು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ದತ್ತಮಂಡಲದ ಮುಖ್ಯ ಕಲೆಕ್ಟರನಾದನು. ಏಳು ವರ್ಷಗಳಲ್ಲಿ ಪಾಳೆಯಗಾರರ ಬಲ ಮುರಿದು, ಹೊಲಗಳನ್ನು ಅಳೆಯಿಸಿ, ಕಂದಾಯವನ್ನು ನೇರವಾಗಿ ರೈತನ ಹೆಸರಿಗೇ ಗೊತ್ತುಮಾಡಿದನು.

ಕಂದಾಯ ಭಾರವೆಂಬುದು ಆತನಿಗೂ ತಿಳಿದಿತ್ತು. ಎಲ್ಲ ಭೂಮಿಗೂ ನೂರಕ್ಕೆ 25ರಷ್ಟು ಇಳಿಸಬೇಕು, ರೈತನೇ ದುರಸ್ತಿಯ ಹೊಣೆ ಹೊತ್ತ ಬಾವಿಯ ಭೂಮಿಗೆ ಮತ್ತೆ 8ರಷ್ಟು ಬಿಡಬೇಕು ಎಂದು 1807ರಲ್ಲಿ ಬರೆದನು. ಮಳೆಯನ್ನು ನಂಬಲಾಗದ ಈ ಬಯಲಿನಲ್ಲಿ ಬಾವಿಯೆಂದರೆ ಕಾಯಿಪಲ್ಲೆ, ಬರದ ವರ್ಷದ ಗಂಜಿ. ಮೇಲಿನವರು ಒಪ್ಪಲಿಲ್ಲ, ಊರೂರನ್ನೇ ಗುತ್ತಿಗೆಗೆ ಕೊಟ್ಟರು, ರೈತರು ಬಡವಾದರು. 1820ರಲ್ಲಿ ಮದರಾಸಿನ ಗವರ್ನರನಾದ ಮೇಲೆ ಮನ್ರೋ ತಾನೇ ರೈತವಾರಿಯನ್ನು ಮರಳಿ ತಂದನು.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾಗದು. ಪಟ್ಟಾ ಉಳ್ಳವನ ಹೆಸರು ಲೆಕ್ಕಕ್ಕೆ ಬಂತು. ಅವನ ಹೊಲದಲ್ಲಿ ದುಡಿದು ಪರರ ನೆಲದಂಚಿನಲ್ಲಿ ಗುಡಿಸಲು ಹಾಕಿಕೊಂಡವನಿಗೆ, ಸೊಪ್ಪು ಬೆಳೆಯುವಷ್ಟು ಹಿತ್ತಿಲಿಗೂ, ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಸ್ವದೇಶಕ್ಕೆ ಮರಳುವ ಮುನ್ನ ದತ್ತಮಂಡಲವನ್ನು ಮತ್ತೊಮ್ಮೆ ನೋಡಲು ಬಂದ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದನು.