ಹದಿನೇಳು ವರ್ಷದ ರಿಚಿ ವ್ಯಾಲೆನ್ಸ್

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೇ ತರಗತಿಗೆ ಒಬ್ಬರ ಜೀವನಕಥೆ ಹೇಳಬೇಕಿತ್ತು. ಗಾಂಧೀಜಿ, ವಿಶ್ವೇಶ್ವರಯ್ಯ, ಕಲಾಂ ಇವರನ್ನೆಲ್ಲ ಸಹಪಾಠಿಗಳು ಆಗಲೇ ಹಂಚಿಕೊಂಡಿದ್ದರು. ನಾನು ಅಮೆರಿಕದ ಹಾಡುಗಾರ ರಿಚಿ ವ್ಯಾಲೆನ್ಸ್‌ನನ್ನು ಆರಿಸಿಕೊಂಡೆ. ಮಾರ್ಗದರ್ಶಕ ಅಧ್ಯಾಪಕರು ಪಾಠಯೋಜನೆ ನೋಡಿ ಹುಬ್ಬೇರಿಸಿದರು, ಆದರೂ ಸಹಿ ಹಾಕಿದರು.

ಅವನ ಪೂರ್ಣ ಹೆಸರು ರಿಚರ್ಡ್ ಸ್ಟೀವನ್ ವ್ಯಾಲೆನ್ಸುಯೆಲಾ. ಹುಟ್ಟಿದ್ದು 1941ರ ಮೇ 13ರಂದು, ಲಾಸ್ ಏಂಜಲೀಸ್‌ನ ಪಕೋಯ್ಮಾದಲ್ಲಿ, ಮೆಕ್ಸಿಕನ್ ಮೂಲದ ಬಡ ಕುಟುಂಬದಲ್ಲಿ. ಬಾಲ್ಯದಲ್ಲೇ ತಂದೆ ತೀರಿಕೊಂಡರು. ಎಡಚನಾದರೂ ಬಲಗೈಯವರ ಗಿಟಾರಿನಲ್ಲೇ ನುಡಿಸಲು ಕಲಿತ. ಈ ಮಾತು ಬಂದಾಗ ಹಿಂದಿನ ಬೆಂಚಿನ ಎಡಚ ಹುಡುಗನೊಬ್ಬ ನೆಟ್ಟಗೆ ಕುಳಿತ. ಪಾಠಯೋಜನೆಯಲ್ಲಿ ಇಂಥದ್ದಕ್ಕೆ ಕಾಲಂ ಇರುವುದಿಲ್ಲ.

1957ರ ಜನವರಿ 31ರಂದು ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ, ಅವಶೇಷಗಳು ಅವನು ಓದುತ್ತಿದ್ದ ಶಾಲೆಯ ಆಟದ ಬಯಲಿಗೆ ಬಿದ್ದವು. ವಿದ್ಯಾರ್ಥಿಗಳು ಸತ್ತರು. ತಾತನ ಅಂತ್ಯಕ್ರಿಯೆಗೆ ಹೋಗಿದ್ದರಿಂದ ಅವನು ಅಂದು ಶಾಲೆಗೆ ಬಂದಿರಲಿಲ್ಲ. ಅಂದಿನಿಂದ ಅವನಿಗೆ ವಿಮಾನವೆಂದರೆ ಭಯ.

1958ರಲ್ಲಿ ಡೆಲ್-ಫೈ ಧ್ವನಿಮುದ್ರಣ ಸಂಸ್ಥೆಯ ಬಾಬ್ ಕೀನ್ ಅವನ ಹಾಡು ಕೇಳಿ ಒಪ್ಪಂದ ಮಾಡಿಕೊಂಡರು. ವ್ಯಾಲೆನ್ಸುಯೆಲಾ ಎಂಬ ಹೆಸರನ್ನು ವ್ಯಾಲೆನ್ಸ್ ಎಂದು ಕತ್ತರಿಸಿದವರೂ ಅವರೇ. ಮೆಕ್ಸಿಕನ್ ಎಂದು ಹೆಸರಿನಲ್ಲೇ ತಿಳಿದರೆ ಕೇಳುಗರ ವಲಯ ಕಿರಿದಾದೀತು ಎಂಬ ಲೆಕ್ಕಾಚಾರ. ಇಲ್ಲಿ ನಾನು ತುಸು ತಡೆದೆ. ನನ್ನ ತರಗತಿಯ ಒಬ್ಬ ಹುಡುಗಿಯ ಹೆಸರು ಉದ್ದ, ನನ್ನ ನಾಲಿಗೆಗೆ ಹೊಸದು. ಐದು ದಿನದಿಂದ ಹಾಜರಿ ಕರೆಯುವಾಗ ಅದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಅವಳು ಏನೂ ಹೇಳಿರಲಿಲ್ಲ.

ಹೆಸರು ಕತ್ತರಿಸಿದರೂ ಹಾಡು ಉಳಿಯಿತು. ಲಾ ಬಾಂಬಾ ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದ ಜಾನಪದ ಹಾಡು. ಅದನ್ನು ರಾಕ್ ಅಂಡ್ ರೋಲ್‌ಗೆ ಒಗ್ಗಿಸಲು ಅವನಿಗೆ ಮೊದಲು ಅಳುಕಿತ್ತು. ವಿಚಿತ್ರವೆಂದರೆ ಇಂಗ್ಲಿಷಿನಲ್ಲೇ ಬೆಳೆದ ಅವನಿಗೆ ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. ಮನೆಯವರ ನೆರವಿನಿಂದ ಪದಗಳನ್ನು ಕಲಿತು ಹಾಡಿದ. ಸಹಪಾಠಿ ಹುಡುಗಿಗಾಗಿ ಬರೆದ ಡಾನಾ ತಟ್ಟೆಯ ಒಂದು ಬದಿಗೆ, ಇದು ಇನ್ನೊಂದು ಬದಿಗೆ. ಡಾನಾ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು, ಲಾ ಬಾಂಬಾ 22ಕ್ಕೆ. ಪೂರ್ತಿ ಸ್ಪ್ಯಾನಿಷ್‌ನಲ್ಲಿದ್ದ ರಾಕ್ ಹಾಡೊಂದು ಆ ಕಾಲದ ಪಟ್ಟಿಯಲ್ಲಿ 22 ಮುಟ್ಟಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಅದೇ ಡಿಸೆಂಬರಿನಲ್ಲಿ ಅವನು ತನ್ನ ಹಳೆಯ ಶಾಲೆಗೆ ಹೋಗಿ ಮಕ್ಕಳ ಮುಂದೆ ಹಾಡಿದ.

1959ರ ಚಳಿಗಾಲ ಊರೂರು ಸುತ್ತುವ ಕಾರ್ಯಕ್ರಮ. ಬಸ್ಸಿನ ಹೀಟರ್ ಕೆಟ್ಟು ಹಾಡುಗಾರರು ನಡುಗುತ್ತಿದ್ದರು. ಅಯೋವಾದ ಕ್ಲಿಯರ್ ಲೇಕ್‌ನಿಂದ ಹೊರಟ ಪುಟ್ಟ ವಿಮಾನದ ಒಂದು ಸೀಟು ನಾಣ್ಯ ಚಿಮ್ಮಿಸಿದಾಗ ಅವನ ಪಾಲಿಗೆ ಬಂತು. ಫೆಬ್ರುವರಿ 3ರ ನಸುಕಿನಲ್ಲಿ ವಿಮಾನ ಹೊಲಕ್ಕೆ ಬಿದ್ದು ಅವನೂ ಬಡಿ ಹಾಲಿ, ಜೆ.ಪಿ. ರಿಚರ್ಡ್‌ಸನ್ ಮತ್ತು ಪೈಲಟ್ ಕೂಡ ಸತ್ತರು. 1987ರಲ್ಲಿ ಅವನ ಬದುಕು ಸಿನಿಮಾ ಆಯಿತು. ಅದಕ್ಕಾಗಿ ಲೋಸ್ ಲೋಬೋಸ್ ತಂಡ ಹಾಡಿದ ಲಾ ಬಾಂಬಾ ಬಿಲ್‌ಬೋರ್ಡ್‌ನಲ್ಲಿ 1ನೇ ಸ್ಥಾನಕ್ಕೇರಿತು. ಆ ತಂಡದ ಹೆಸರೇ ಸ್ಪ್ಯಾನಿಷ್.

ಪೂರ್ತಿ ಹೆಸರೇ ಇದ್ದಿದ್ದರೆ 1958ರಲ್ಲಿ ಹಾಡು ಗೆಲ್ಲುತ್ತಿತ್ತೇ ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹುಡುಕುವಷ್ಟರಲ್ಲಿ ಗಂಟೆ ಹೊಡೆಯಿತು. ಕಪ್ಪುಹಲಗೆ ಸಾರಾಂಶ ಬರೆಯದ್ದಕ್ಕೆ ಎರಡು ಅಂಕ ಹೋಯಿತು.

ಮರುದಿನ ಹಾಜರಿಯಲ್ಲಿ ಆ ಹುಡುಗಿಯ ಹೆಸರನ್ನು ಪೂರ್ತಿ ಕರೆಯಲು ಹೋಗಿ ನಡುವೆ ಎಡವಿದೆ. ಅವಳೇ ಎದ್ದು ನಿಂತು ತಿದ್ದಿದಳು.